‘ಎಲ್ಲ ಟೆಸ್ಟ್ ಪಾಸ್’ ಅಂದರೆ ಸಾಕೆ?

ಕೋಡ್ ಬರೆಯುವ ಎಐ ಏಜೆಂಟ್‌ಗಳು ಕೆಲಸ ಮುಗಿದ ಮೇಲೆ ಒಂದು ವರದಿ ಒಪ್ಪಿಸುತ್ತವೆ. ಅಚ್ಚುಕಟ್ಟಾದ ವರದಿ. ಏನೇನು ಬದಲಿಸಿದೆ, ಯಾಕೆ ಬದಲಿಸಿದೆ, ಕೊನೆಗೆ ಹಸಿರು ಗುರುತಿನ ಜೊತೆ ‘ಎಲ್ಲ ಟೆಸ್ಟ್‌ಗಳೂ ಪಾಸ್ ಆಗಿವೆ’ ಎಂಬ ಸಾಲು. ಅದನ್ನು ಓದಿದವರಿಗೆ ಇನ್ನೇನೂ ಕೇಳಬೇಕು ಅನ್ನಿಸುವುದಿಲ್ಲ. ನನ್ನ ತಕರಾರು ಆ ಒಂದು ಸಾಲಿನ ಮೇಲೆಯೇ.

ಚಾಟ್‌ಬಾಟ್‌ಗೆ ಪ್ರಶ್ನೆ ಕೇಳಿ ಉತ್ತರವನ್ನು ಕಾಪಿ ಮಾಡಿಕೊಳ್ಳುವುದು ನಮಗೆಲ್ಲ ಗೊತ್ತು. ಏಜೆಂಟ್ ಅದಕ್ಕಿಂತ ಬೇರೆ. ಕೆಲಸ ಹೇಳಿ ಬಿಟ್ಟರೆ ಅದೇ ಫೈಲುಗಳನ್ನು ತೆರೆದು ಓದುತ್ತದೆ, ತಿದ್ದುತ್ತದೆ, ಟರ್ಮಿನಲ್‌ನಲ್ಲಿ ಕಮಾಂಡ್ ಕೊಡುತ್ತದೆ, ಟೆಸ್ಟ್ ಓಡಿಸುತ್ತದೆ, ಫೇಲಾದರೆ ಮತ್ತೆ ತಿದ್ದುತ್ತದೆ. ಶುರುವಿನಿಂದ ಕೊನೆಯವರೆಗಿನ ಈ ಒಂದು ಸುತ್ತಿಗೆ ‘ರನ್’ ಅನ್ನುತ್ತೇವೆ. ಪ್ರತಿ ರನ್ನಿನದೂ ಲಾಗ್ ಉಳಿದಿರುತ್ತದೆ. ಯಾವ ಹೊತ್ತಿಗೆ ಯಾವ ಫೈಲ್ ಮುಟ್ಟಿತು, ಯಾವ ಕಮಾಂಡ್ ಕೊಟ್ಟಿತು, ಏನು ಫೇಲಾಯಿತು, ಎಲ್ಲ ಅದರಲ್ಲಿ ಇರುತ್ತದೆ. ಅದನ್ನು ಓದುವವರು ಮಾತ್ರ ಕಡಿಮೆ.

ನಾನು ಎಂಟು ತಿಂಗಳಿಂದ ದಾವಣಗೆರೆಯ ಒಂದು ಸಣ್ಣ ಕಂಪನಿಯಲ್ಲಿ ಟ್ರೈನಿ. ಹಳ್ಳಿಯ ಹಾಲು ಉತ್ಪಾದಕರ ಸಂಘಗಳಿಗೆ ಬಟವಾಡೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಕೆಲಸ. ಸೇರಿದ ಮೊದಲ ವಾರ ನನಗೆ ಕೊಟ್ಟದ್ದು ಕೋಡ್ ಬರೆಯುವ ಕೆಲಸವಲ್ಲ. ಏಜೆಂಟ್‌ನ ರನ್‌ಗಳನ್ನು ಓದಿ, ಒಪ್ಪಬಹುದೋ ಬೇಡವೋ ಹೇಳುವ ಕೆಲಸ. ಬೆಂಗಳೂರಿನಲ್ಲಿರುವ ಗೆಳತಿಯರು ‘ಯಂತ್ರ ಬರೆದಿದ್ದನ್ನ ಓದೋಕೆ ಇಂಜಿನಿಯರಿಂಗ್ ಓದಬೇಕಿತ್ತೇನೆ?’ ಎಂದು ನಕ್ಕರು. ಓದಬೇಕಿತ್ತು ಅನ್ನುವುದು ಈಗ ನನ್ನ ಅಭಿಪ್ರಾಯ.

ಒಂದು ರನ್ನಿನ ಕಥೆ ಕೇಳಿ. ಒಂದು ಸಂಘದಲ್ಲಿ ಬಟವಾಡೆ ಪಟ್ಟಿಯ ಒಟ್ಟು ಮೊತ್ತಕ್ಕೂ ಕಾರ್ಯದರ್ಶಿಯವರ ಲೆಡ್ಜರ್ ಮೊತ್ತಕ್ಕೂ ತಾಳೆಯಾಗುತ್ತಿರಲಿಲ್ಲ. ಪೈಸೆಗಳ ವ್ಯತ್ಯಾಸ. ‘ಇದನ್ನು ಸರಿಪಡಿಸು’ ಎಂದು ಏಜೆಂಟ್‌ಗೆ ಹೇಳಲಾಗಿತ್ತು. ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯಿತು, ಎಲ್ಲ ಟೆಸ್ಟ್ ಪಾಸ್. ಡಿಫ್ ತೆಗೆದು ನೋಡಿದರೆ ಅದು ಲೆಕ್ಕದ ಕೋಡನ್ನು ಹೆಚ್ಚೇನೂ ಮುಟ್ಟಿರಲಿಲ್ಲ. ಮುಟ್ಟಿದ್ದು ಟೆಸ್ಟ್ ಫೈಲನ್ನು. ಒಂದು ಬೋನಸ್ ಮೊತ್ತ 2.675 ರೂಪಾಯಿ ಬಂದರೆ ಅದನ್ನು 2.68 ಎಂದು ಬರೆಯಬೇಕು ಎಂದು ಹಳೆಯ ಟೆಸ್ಟ್ ಹೇಳುತ್ತಿತ್ತು. ಏಜೆಂಟ್ ಅದನ್ನು 2.67 ಮಾಡಿತ್ತು.

ಪೈಥಾನ್ ಕಲಿತವರು ಇದನ್ನು ಈಗಲೇ ಓಡಿಸಿ ನೋಡಬಹುದು. 2.675ನ್ನು ಎರಡು ದಶಮಾಂಶ ಸ್ಥಾನಕ್ಕೆ ‘ರೌಂಡ್’ ಮಾಡು ಎಂದರೆ ಪೈಥಾನ್ 2.67 ಎನ್ನುತ್ತದೆ. ಆ ಸಂಖ್ಯೆಯನ್ನು ಕಂಪ್ಯೂಟರ್ ದ್ವಿಮಾನದಲ್ಲಿ ಇಟ್ಟುಕೊಳ್ಳುವಾಗ ಅದು 2.675ಕ್ಕಿಂತ ಒಂದು ಕೂದಲೆಳೆಯಷ್ಟು ಕಡಿಮೆಯಾಗುತ್ತದೆ, ಹಾಗಾಗಿ ಕೆಳಕ್ಕೆ ಇಳಿಯುತ್ತದೆ. ಪೈಥಾನ್‌ನ ಅಧಿಕೃತ ಕೈಪಿಡಿಯಲ್ಲೇ ಈ ಉದಾಹರಣೆ ಇದೆ. ಹಣದ ಲೆಕ್ಕಕ್ಕೆ ‘ಡೆಸಿಮಲ್’ ಮಾಡ್ಯೂಲ್ ಬಳಸಿ, ಅರ್ಧ ಬಂದರೆ ಮೇಲಕ್ಕೆ ಎಂಬ ನಿಯಮ ಹೇಳಿದರೆ ಸಮಸ್ಯೆ ಮುಗಿಯಿತು. ಏಜೆಂಟ್‌ಗೆ ಅದು ಗೊತ್ತಿರಲಿಲ್ಲ ಅನ್ನುವಂತಿಲ್ಲ. ಲಾಗ್‌ನಲ್ಲಿ ಅದು ಈ ದಾರಿಯನ್ನು ಯೋಚಿಸಿದ್ದೂ ಇತ್ತು. ಆದರೆ ಹಾಗೆ ಮಾಡಿದರೆ ಇನ್ನೂ ಆರು ಫೈಲು ಬದಲಿಸಬೇಕಿತ್ತು. ಟೆಸ್ಟ್‌ನ ಒಂದು ಅಂಕಿ ಬದಲಿಸುವುದು ಸುಲಭ.

ನನ್ನನ್ನು ಹೆಚ್ಚು ಕಾಡಿದ್ದು ಏನೆಂದರೆ, ಅದು ಸುಳ್ಳು ಹೇಳಿರಲಿಲ್ಲ. ವರದಿಯ ನಾಲ್ಕನೇ ಅಂಶವಾಗಿ ‘ಟೆಸ್ಟ್‌ನ ನಿರೀಕ್ಷಿತ ಮೌಲ್ಯವನ್ನು ಈಗಿನ ನಡವಳಿಕೆಗೆ ಹೊಂದಿಸಲಾಗಿದೆ’ ಎಂದು ಬರೆದಿತ್ತು. ಸರ್ಕಾರಿ ಸುತ್ತೋಲೆಯ ಭಾಷೆ. ಕಣ್ಣು ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ಬಿಡಿಸಿ ಹೇಳಿದರೆ ಅರ್ಥ ಇಷ್ಟೇ: ತಪ್ಪನ್ನು ತಿದ್ದಲಿಲ್ಲ, ತಪ್ಪೇ ಸರಿ ಎಂದು ಬರೆದುಕೊಂಡೆ.

ಒಂದು ಪೈಸೆ ಏನು ಮಹಾ ಎಂದು ಕೇಳುವವರು ಹಳ್ಳಿಯ ಡೇರಿಯ ಮುಂದೆ ಬಟವಾಡೆ ದಿನ ಒಂದು ಗಂಟೆ ನಿಂತು ನೋಡಬೇಕು. ಲೆಕ್ಕ ತಾಳೆಯಾಗದಿದ್ದರೆ ಜನ ಸಾಫ್ಟ್‌ವೇರನ್ನು ಅನುಮಾನಿಸುವುದಿಲ್ಲ. ಕಾರ್ಯದರ್ಶಿಯನ್ನು ಅನುಮಾನಿಸುತ್ತಾರೆ. ಆತ ರಾತ್ರಿ ಹನ್ನೊಂದರವರೆಗೆ ಕ್ಯಾಲ್ಕುಲೇಟರ್ ಹಿಡಿದು ಕೂರುತ್ತಾನೆ.

ಇನ್ನೊಂದು ರನ್ ಇದಕ್ಕಿಂತ ಗಂಭೀರ. ಹಾಲಿನ ಫ್ಯಾಟ್ ಅಳೆಯುವ ಯಂತ್ರದಿಂದ ಅಂಕಿ ಬಾರದೇ ಹೋದಾಗ ನಮ್ಮ ಸಾಫ್ಟ್‌ವೇರ್ ನಿಂತುಬಿಡುತ್ತಿತ್ತು. ನಿಲ್ಲದಂತೆ ಮಾಡು ಎಂದು ಕೇಳಲಾಗಿತ್ತು. ಏಜೆಂಟ್ ಮಾಡಿತು. ಹೇಗೆ ಅಂದರೆ, ಯಂತ್ರದಿಂದ ಅಂಕಿ ಬರದಿದ್ದರೆ ಫ್ಯಾಟ್ 3.5 ಎಂದು ತಾನೇ ತುಂಬಿಕೊಂಡು ಮುಂದೆ ಹೋಗುವ ಹಾಗೆ. ಪರದೆಯ ಮೇಲೆ ಎಚ್ಚರಿಕೆ ಇಲ್ಲ, ರಸೀದಿಯಲ್ಲಿ ಗುರುತಿಲ್ಲ. ಸಾಫ್ಟ್‌ವೇರ್ ನಿಲ್ಲಲಿಲ್ಲ, ಟೆಸ್ಟ್ ಪಾಸ್.

ನಮ್ಮ ಮನೆಯಲ್ಲಿ ಎರಡು ಎಮ್ಮೆಗಳಿವೆ. 3.5 ನೋಡಿದ ಕೂಡಲೇ ನನಗೆ ಕಂಡದ್ದು ಅವ್ವನ ಹಾಲಿನ ಚೀಟಿ. ಆಕಳ ಹಾಲಿಗೆ ಮೂರೂವರೆ ಒಪ್ಪುವ ಅಂಕಿ. ಎಮ್ಮೆ ಹಾಲಿನ ಫ್ಯಾಟ್ ಸಾಮಾನ್ಯವಾಗಿ ಆರರ ಮೇಲಿರುತ್ತದೆ, ದರ ನಿಗದಿಯಾಗುವುದೇ ಅದರ ಮೇಲೆ. ಕರೆಂಟು ಹೋಗಿ ಯಂತ್ರ ಕೈಕೊಟ್ಟ ಒಂದು ಬೆಳಿಗ್ಗೆ ಎಮ್ಮೆ ಕಟ್ಟಿದವರೆಲ್ಲರ ಹಾಲೂ ಆಕಳ ಹಾಲಿನ ದರಕ್ಕೆ ಹೋಗುತ್ತಿತ್ತು. ಯಾರಿಗೂ ಯಾಕೆಂದು ತಿಳಿಯುತ್ತಿರಲಿಲ್ಲ.

ಟೀಮ್ ಲೀಡ್‌ಗೆ ತೋರಿಸಿದೆ. ‘ಎಲ್ಲಿ ಸಿಕ್ತಮ್ಮ ಇದು?’ ಅಂದರು. ‘ಟೆಸ್ಟಲ್ಲಿ ಸಿಗಲ್ಲ ಸರ್, ಕೊಟ್ಟಿಗೇಲಿ ಸಿಗುತ್ತೆ’ ಅಂದೆ. ನಕ್ಕರು, ರನ್ ವಾಪಸ್ ಹೋಯಿತು. ಈಗ ಅಂಕಿ ಬಾರದಿದ್ದರೆ ಪರದೆ ಕೆಂಪಾಗುತ್ತದೆ, ಕಾರ್ಯದರ್ಶಿ ಕೈಯಾರೆ ತುಂಬಬೇಕು, ರಸೀದಿಯಲ್ಲಿ ‘ಕೈ ನಮೂದು’ ಎಂದು ಬರುತ್ತದೆ.

ಇದೆಲ್ಲ ಸಣ್ಣ ಊರಿನ ಸಣ್ಣ ಕಂಪನಿಯ ಪಾಡು, ದೊಡ್ಡವರ ಬಳಿ ಹೀಗಾಗುವುದಿಲ್ಲ ಅಂದುಕೊಳ್ಳಬೇಡಿ. ಟೋಕಿಯೊದ ಸಕಾನಾ ಎಐ ಎಂಬ ಕಂಪನಿ 2025ರ ಫೆಬ್ರುವರಿಯಲ್ಲಿ, ಗ್ರಾಫಿಕ್ಸ್ ಚಿಪ್‌ಗಳ ಮೇಲೆ ಓಡುವ ಕೋಡನ್ನು ತಾನೇ ಬರೆದು 10ರಿಂದ 100 ಪಟ್ಟು ವೇಗಗೊಳಿಸುವ ವ್ಯವಸ್ಥೆ ಕಟ್ಟಿದ್ದೇವೆ ಎಂದು ಪ್ರಕಟಿಸಿತು. ಹೊರಗಿನ ಕೆಲವರು ಆ ಕೋಡನ್ನು ತಾವೇ ಓಡಿಸಿ ನೋಡಿದರು. ವೇಗ ಹೆಚ್ಚಾಗುವುದಿರಲಿ, ಕೆಲವು ಕಡೆ ಕಡಿಮೆಯೇ ಆಗಿತ್ತು. ವ್ಯವಸ್ಥೆಯು ಅಳೆಯುವ ಕೋಡ್‌ನಲ್ಲಿದ್ದ ಒಂದು ಕಿಂಡಿಯನ್ನು ಹುಡುಕಿಕೊಂಡು, ಲೆಕ್ಕವನ್ನೇ ಮಾಡದೆ ಮೆಮೊರಿಯಲ್ಲಿ ಮೊದಲೇ ಇದ್ದ ಉತ್ತರವನ್ನು ಎತ್ತಿಕೊಂಡಿತ್ತು. ಕಂಪನಿ ಒಪ್ಪಿಕೊಂಡು ತಿದ್ದಿತು. ಒಪ್ಪಿಕೊಂಡಿತು ಅನ್ನುವುದಕ್ಕೆ ಮೆಚ್ಚಬೇಕು.

ಅದೇ ವರ್ಷದ ಜೂನ್‌ನಲ್ಲಿ, ಎಐ ಮಾದರಿಗಳನ್ನು ಪರೀಕ್ಷಿಸುವ ಅಮೆರಿಕದ ಮೆಟರ್ ಸಂಸ್ಥೆ ಇಂಥದ್ದೇ ಹಲವು ರನ್‌ಗಳನ್ನು ಹೊರಗೆ ತಂದಿತು. ಒಂದು ಪ್ರೋಗ್ರಾಂ ವೇಗವಾಗಿ ಓಡುವಂತೆ ಮಾಡು ಎಂದರೆ, ಓಪನ್‌ಎಐನ ಒ3 ಮಾದರಿ ಸಮಯ ಅಳೆಯುವ ಗಡಿಯಾರದ ಕೋಡನ್ನೇ ತಿದ್ದಿ ವೇಗ ಹೆಚ್ಚಿದಂತೆ ತೋರಿಸಿತ್ತು. ಜ್ವರ ಇಳಿಸು ಎಂದರೆ ಥರ್ಮಾಮೀಟರ್ ತಿದ್ದಿದ ಹಾಗೆ. ಓಪನ್‌ಎಐ ಸಂಶೋಧಕರು ಕೂಡ 2025ರ ಮಾರ್ಚ್‌ನಲ್ಲಿ ತಮ್ಮ ಮಾದರಿಗಳು ತರಬೇತಿಯ ವೇಳೆ ಮಾಡಿದ ಕಿತಾಪತಿಗಳನ್ನು ಬರೆದಿದ್ದರು: ಪರೀಕ್ಷೆ ಓಡುವ ಮುನ್ನವೇ ‘ಯಶಸ್ವಿಯಾಗಿ ಮುಗಿಯಿತು’ ಎಂಬ ಸಂಕೇತ ಕೊಟ್ಟು ಹೊರಬೀಳುವುದು, ಉತ್ತರ ಸರಿಯೇ ಎಂದು ಕೇಳುವ ಜಾಗದಲ್ಲಿ ಯಾವಾಗಲೂ ಹೌದು ಎನ್ನುವಂತೆ ಬರೆಯುವುದು. ಕಾರಣ ಅರ್ಥವಾಗದ್ದೇನಲ್ಲ. ಈ ಮಾದರಿಗಳಿಗೆ ತರಬೇತಿಯಲ್ಲಿ ಬಹುಮಾನ ಸಿಗುವುದು ಟೆಸ್ಟ್ ಪಾಸಾದಾಗ. ಪಾಸಾಗುವುದೇ ಗುರಿಯಾದರೆ ಓದುವುದೊಂದೇ ದಾರಿಯಲ್ಲ ಎಂಬುದು ಪರೀಕ್ಷೆ ಬರೆದ ಯಾವ ವಿದ್ಯಾರ್ಥಿಗೆ ಗೊತ್ತಿಲ್ಲ ಹೇಳಿ?

2025ರ ಜುಲೈನ ರೆಪ್ಲಿಟ್ ಪ್ರಕರಣವನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ. ಯಾವ ಬದಲಾವಣೆಯನ್ನೂ ಮಾಡಬೇಡ ಎಂದು ಹೇಳಿದ್ದರೂ ಏಜೆಂಟ್ ಒಬ್ಬ ಉದ್ಯಮಿಯ ಚಾಲ್ತಿ ಡೇಟಾಬೇಸನ್ನು ಅಳಿಸಿಹಾಕಿತು. ಸುದ್ದಿಯಾದದ್ದು ಅಳಿಸಿದ್ದು. ನನಗೆ ಮುಖ್ಯವಾಗಿ ಕಂಡದ್ದು ಅದರ ಮುಂದಿನ ಮಾತು. ಅಳಿಸಿದ್ದನ್ನು ಮರಳಿ ಪಡೆಯಲು ಆಗುವುದಿಲ್ಲ ಎಂದು ಏಜೆಂಟ್ ಹೇಳಿತ್ತು, ಆ ಉದ್ಯಮಿ ತಾವೇ ಪ್ರಯತ್ನಿಸಿದಾಗ ಡೇಟಾ ಮರಳಿ ಬಂತು. ತಾನು ಮಾಡಿದ ಕೆಲಸದ ಬಗ್ಗೆ ಏಜೆಂಟ್ ಹೇಳುವ ಮಾತನ್ನೂ ಪರೀಕ್ಷಿಸಿಯೇ ನಂಬಬೇಕು.

ಹಾಗಾದರೆ ರನ್ ಓದುವುದು ಹೇಗೆ? ನನ್ನ ಮೊದಲ ನಿಯಮ ಸ್ವಲ್ಪ ವಿಚಿತ್ರ ಅನ್ನಿಸಬಹುದು: ವರದಿಯನ್ನು ಕೊನೆಯಲ್ಲಿ ಓದುತ್ತೇನೆ. ಮೊದಲೇ ಓದಿದರೆ ಅದು ತೋರಿಸಿದ್ದನ್ನಷ್ಟೇ ಕಣ್ಣು ಹುಡುಕುತ್ತದೆ. ಮೊದಲು ನಾವು ಕೇಳಿದ್ದೇನು ಎಂಬುದನ್ನು ಮತ್ತೊಮ್ಮೆ ಓದಿಕೊಳ್ಳುತ್ತೇನೆ, ಆಮೇಲೆ ಡಿಫ್. ಡಿಫ್‌ನಲ್ಲೂ ಮೊದಲು ಟೆಸ್ಟ್ ಫೋಲ್ಡರ್. ಹೊಸ ಟೆಸ್ಟ್ ಸೇರಿದ್ದರೆ ಸಂತೋಷ. ಹಳೆಯ ಟೆಸ್ಟಿನ ಒಂದು ಅಕ್ಷರ ಬದಲಾಗಿದ್ದರೂ ಅಲ್ಲೇ ನಿಲ್ಲುತ್ತೇನೆ. ಫಲಿತಾಂಶದ ಸಾಲಿನಲ್ಲಿ ಎಷ್ಟು ಪಾಸ್ ಎಂಬುದರ ಪಕ್ಕ ‘ಸ್ಕಿಪ್’ ಎಷ್ಟು ಎಂದು ಸಣ್ಣದಾಗಿ ಇರುತ್ತದೆ. ನಿನ್ನೆ ಸೊನ್ನೆ ಇದ್ದದ್ದು ಇವತ್ತು ಮೂರಾಗಿದ್ದರೆ, ಆ ಮೂರು ಯಾವುವು ಎಂದು ಕೇಳುವ ಹಕ್ಕು ನಮಗಿದೆ.

ಮುಂದೆ ಲಾಗ್‌ನಲ್ಲಿ ಒಂದೇ ಒಂದು ವಿಷಯ ನೋಡುತ್ತೇನೆ: ಕೊನೆಯ ಬಾರಿ ಫೈಲ್ ತಿದ್ದಿದ್ದು ಯಾವಾಗ, ಕೊನೆಯ ಬಾರಿ ಟೆಸ್ಟ್ ಓಡಿಸಿದ್ದು ಯಾವಾಗ. ಟೆಸ್ಟ್ ಓಡಿಸಿದ ಮೇಲೆ ‘ಸ್ವಲ್ಪ ಅಂದಗೊಳಿಸುತ್ತೇನೆ’ ಎಂದು ಎರಡು ಫೈಲು ತಿದ್ದಿ, ಮತ್ತೆ ಓಡಿಸದೆ ‘ಎಲ್ಲ ಪಾಸ್’ ಎಂದ ರನ್‌ಗಳನ್ನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಅದು ಬರೆದದ್ದು ಬರೆದ ಹೊತ್ತಿಗೆ ನಿಜವೇ ಇತ್ತು. ಆಮೇಲೆ ಅಲ್ಲ.

ಹೊಸ ಪ್ಯಾಕೇಜ್ ಸೇರಿಸಿದ್ದರೆ ಅದು ನಿಜವಾಗಿಯೂ ಇದೆಯೇ, ಯಾರದ್ದು ಎಂದು ಹುಡುಕಬೇಕು. ಅಮೆರಿಕದ ವಿಶ್ವವಿದ್ಯಾಲಯಗಳ ಸಂಶೋಧಕರು 16 ಎಐ ಮಾದರಿಗಳಿಂದ 5.76 ಲಕ್ಷ ಕೋಡ್ ತುಣುಕುಗಳನ್ನು ಬರೆಸಿ ನೋಡಿದಾಗ, ಅವು ಸೂಚಿಸಿದ ಪ್ಯಾಕೇಜ್‌ಗಳಲ್ಲಿ ಸುಮಾರು ಶೇ 20ರಷ್ಟು ಎಲ್ಲಿಯೂ ಇರದ ಹೆಸರುಗಳಾಗಿದ್ದವು. ಇಲ್ಲದ ಹೆಸರಾದರೆ ಇನ್‌ಸ್ಟಾಲ್ ಆಗುವುದಿಲ್ಲ, ಅಷ್ಟೇ ತಾನೆ ಅನ್ನಬೇಡಿ. ಮಾದರಿಗಳು ಪದೇ ಪದೇ ಅದೇ ಸುಳ್ಳು ಹೆಸರನ್ನು ಹೇಳುವುದುಂಟು. ಆ ಹೆಸರಿನಲ್ಲಿ ಯಾರೋ ಒಬ್ಬ ಕಳ್ಳ ಕೋಡನ್ನು ಮೊದಲೇ ಇಟ್ಟು ಕಾದಿದ್ದರೆ?

ಕೊನೆಗೆ ಕೋಡನ್ನು ಬೇರೆ ಫೋಲ್ಡರ್‌ಗೆ ಹೊಸದಾಗಿ ಇಳಿಸಿಕೊಂಡು ನನ್ನ ಕೈಯಾರೆ ಓಡಿಸುತ್ತೇನೆ. ಓಡಿತೇ? ಈಗ ಬೇಕೆಂದೇ ಕೋಡ್‌ನಲ್ಲಿ ಒಂದು ತಪ್ಪು ಮಾಡುತ್ತೇನೆ. ಕೂಡುವಲ್ಲಿ ಕಳೆಯುತ್ತೇನೆ. ಆಗ ಟೆಸ್ಟ್ ಫೇಲಾಗಬೇಕು. ಆಗಲೂ ಹಸಿರೇ ತೋರಿಸಿದರೆ ಆ ಟೆಸ್ಟ್ ಕಾವಲುಗಾರನಲ್ಲ, ಬೆರ್ಚಪ್ಪ. ಇಡೀ ಪರಿಶೀಲನೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು, ಐದು ನಿಮಿಷ ಸಾಕು. ಇಷ್ಟೆಲ್ಲ ಆದ ಮೇಲೆ ವರದಿ ಓದಿದರೆ, ಅದು ಏನು ಹೇಳಿಲ್ಲ ಎಂಬುದು ತಾನಾಗಿ ಕಾಣುತ್ತದೆ.

‘ಒಂದು ಎಐ ಬರೆದದ್ದನ್ನು ಇನ್ನೊಂದು ಎಐಗೆ ಕೊಟ್ಟು ಪರೀಕ್ಷಿಸಿದರಾಯಿತು’ ಎನ್ನುವವರಿದ್ದಾರೆ. ನಾವೂ ಕೊಡುತ್ತೇವೆ. ಕಾಗುಣಿತ, ಮರೆತ ಫೈಲ್, ಬಳಸದ ಕೋಡ್, ಇಂಥವನ್ನು ಅದು ನಮಗಿಂತ ಬೇಗ ಹಿಡಿಯುತ್ತದೆ. ಆದರೆ ಆ 3.5ನ್ನು ಎರಡನೇ ಎಐ ‘ಸಮಂಜಸ ಡೀಫಾಲ್ಟ್ ಮೌಲ್ಯ’ ಎಂದು ಹೊಗಳಿತ್ತು. ಎರಡೂ ಓದಿದ್ದು ಒಂದೇ ಬಗೆಯ ಪುಸ್ತಕಗಳನ್ನು ಅಲ್ಲವೇ?

ಇಷ್ಟು ಹೊತ್ತು ಓದುತ್ತ ಕೂತರೆ ಏಜೆಂಟ್ ಬಳಸಿ ಉಳಿಸಿದ ಸಮಯ ಎಲ್ಲಿ ಹೋಯಿತು ಎಂಬ ಪ್ರಶ್ನೆಯೂ ಬರುತ್ತದೆ. ನ್ಯಾಯವಾದ ಪ್ರಶ್ನೆ. ಮೆಟರ್ ಸಂಸ್ಥೆಯದ್ದೇ ಇನ್ನೊಂದು ಅಧ್ಯಯನ 2025ರ ಜುಲೈನಲ್ಲಿ ಬಂತು. 16 ಅನುಭವಿ ಡೆವಲಪರ್‌ಗಳು ತಮಗೆ ಚೆನ್ನಾಗಿ ಗೊತ್ತಿದ್ದ ದೊಡ್ಡ ಓಪನ್ ಸೋರ್ಸ್ ಯೋಜನೆಗಳಲ್ಲಿ 246 ಕೆಲಸಗಳನ್ನು ಮಾಡಿದರು. ಕೆಲವನ್ನು ಎಐ ಬಳಸಿ, ಕೆಲವನ್ನು ಬಳಸದೆ. ಎಐ ಬಳಸಿದಾಗ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಕೆಲಸ ಮುಗಿದ ಮೇಲೂ ಅವರೆಲ್ಲ ಸರಾಸರಿ ಶೇ 20ರಷ್ಟು ಸಮಯ ಉಳಿಯಿತು ಎಂದೇ ನಂಬಿದ್ದರು. 2025ರ ಆರಂಭದ ಟೂಲ್‌ಗಳ ಮಾತಿದು, ಎಲ್ಲರಿಗೂ ಎಲ್ಲ ಕೆಲಸಕ್ಕೂ ಅನ್ವಯಿಸುವುದಿಲ್ಲ. ನಮ್ಮಲ್ಲಿ ಹೊಸ ಪರದೆ, ಹೊಸ ರಿಪೋರ್ಟ್ ಮಾಡುವಾಗ ಸಮಯ ಕಣ್ಣಿಗೆ ಕಾಣುವಷ್ಟು ಉಳಿಯುತ್ತದೆ. ನಾನು ಹೇಳುವುದಿಷ್ಟೆ, ಸಮಯ ಉಳಿಯಿತು ಎಂಬ ಅನಿಸಿಕೆಯನ್ನೂ ಗಡಿಯಾರ ಹಿಡಿದೇ ನೋಡಬೇಕು.

ಈಗ ಕಾಲೇಜಿನಲ್ಲಿ ಇರುವವರ ವಿಚಾರಕ್ಕೆ ಬರುತ್ತೇನೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಏಜೆಂಟ್ ಬಳಸಬೇಡಿ ಎಂದು ಹೇಳುವುದು ವ್ಯರ್ಥ. ಬಳಸುತ್ತೀರಿ, ಬಳಸಿ. ಆದರೆ ವೈವಾದಲ್ಲಿ ಗೈಡ್‌ಗಳು ‘ಔಟ್‌ಪುಟ್ ತೋರಿಸಿ’ ಎಂದು ಕೇಳುವುದನ್ನು ಬಿಟ್ಟು ‘ಏಜೆಂಟ್ ಮಾಡಿದ್ದರಲ್ಲಿ ನೀವು ಯಾವುದನ್ನು ತಿರಸ್ಕರಿಸಿದಿರಿ, ಯಾಕೆ?’ ಎಂದು ಕೇಳಬೇಕು ಅನ್ನುವುದು ನನ್ನ ಒತ್ತಾಯ. ಅಂಕದಲ್ಲಿ ಅರ್ಧ ಅದಕ್ಕೇ ಇರಲಿ. ಔಟ್‌ಪುಟ್ ಈಗ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ಯಾರು ಓದಿದ್ದಾರೆ, ಯಾರು ಓದಿಲ್ಲ ಎಂಬುದು ಈ ಒಂದು ಪ್ರಶ್ನೆಯಲ್ಲಿ ತಿಳಿಯುತ್ತದೆ.

ಕೆಲಸ ಹುಡುಕುವವರಿಗೂ ಇದು ಹೊಸ ಬಾಗಿಲು. ಕಳೆದ ತಿಂಗಳು ನಮ್ಮಲ್ಲಿ ಇಬ್ಬರು ಫ್ರೆಶರ್‌ಗಳನ್ನು ತೆಗೆದುಕೊಂಡರು. ಇಂಟರ್‌ವ್ಯೂನಲ್ಲಿ ಕೋಡ್ ಬರೆಯಿರಿ ಅನ್ನಲಿಲ್ಲ. ಒಂದು ರನ್ನಿನ ಡಿಫ್ ಮತ್ತು ಲಾಗ್ ಪ್ರಿಂಟ್ ಕೊಟ್ಟು, ಅರ್ಧ ಗಂಟೆ ಬಿಟ್ಟು ‘ಇದನ್ನು ಒಪ್ಪುತ್ತೀರಾ?’ ಎಂದು ಕೇಳಿದರು. ಒಳ್ಳೆಯ ಅಂಕ ಇದ್ದ ಕೆಲವರು ವರದಿಯ ಪುಟವನ್ನೇ ಇಂಗ್ಲಿಷಿನಲ್ಲಿ ಚೆನ್ನಾಗಿ ಸಾರಾಂಶ ಮಾಡಿ ಹೇಳಿದರು. ಆಯ್ಕೆಯಾದ ಒಬ್ಬ ಹುಡುಗನ ಇಂಗ್ಲಿಷ್ ತಡವರಿಸುತ್ತಿತ್ತು. ‘ಸರ್, ಒಬ್ಬರೇ ರೈತರು ಬೆಳಿಗ್ಗೆ ಎರಡು ಸಲ ಹಾಲು ತಂದರೆ ಈ ಕೋಡು ಮೊದಲಿನದನ್ನ ಅಳಿಸಿಬಿಡುತ್ತಲ್ವಾ?’ ಎಂದು ಕೇಳಿದ. ಆ ತಪ್ಪು ಅಲ್ಲಿದೆ ಎಂದು ನಮ್ಮ ಲೀಡ್‌ಗೂ ಗೊತ್ತಿರಲಿಲ್ಲ. ಹಳ್ಳಿಯಿಂದ ಬಂದೆವು, ಅಂಗಡಿ ಮನೆಯಿಂದ ಬಂದೆವು, ಬಸ್ ಕಂಡಕ್ಟರ್ ಮಕ್ಕಳು ಎಂದು ಹಿಂಜರಿಯುವವರು ಇದನ್ನು ಗಮನಿಸಿ. ಅಂಗಡಿಯ ಉದ್ರಿ ಲೆಕ್ಕ, ಬಸ್ಸಿನ ಟಿಕೆಟ್ ಹೊಂದಾಣಿಕೆ, ಗದ್ದೆಯ ಗುತ್ತಿಗೆ ನಿಮಗೆ ಗೊತ್ತಿರುವಷ್ಟು ಏಜೆಂಟ್‌ಗೆ ಗೊತ್ತಿಲ್ಲ.

ಬಗೆಹರಿಯದ ಕಷ್ಟವೂ ಇದೆ. ರಾತ್ರಿಯಿಡೀ ಓಡಿ ಬೆಳಿಗ್ಗೆ ನಲವತ್ತು ಫೈಲು ಬದಲಿಸಿಟ್ಟ ರನ್ ಬಂದರೆ ನನ್ನ ಮೇಲಿನ ಕ್ರಮವೆಲ್ಲ ಕೈಕೊಡುತ್ತದೆ. ಹತ್ತನೇ ಫೈಲಿನ ಹೊತ್ತಿಗೆ ಕಣ್ಣು ಮಂಜಾಗುತ್ತದೆ, ಇಪ್ಪತ್ತನೆಯದಕ್ಕೆ ಬೆರಳು ತಾನಾಗಿ ‘ಒಪ್ಪಿದೆ’ ಒತ್ತಲು ಹೋಗುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ರನ್‌ಗೆ ಒಂದೇ ಕೆಲಸ, ಆರೇಳು ಫೈಲಿಗಿಂತ ಹೆಚ್ಚು ಮುಟ್ಟಿದರೆ ಓದದೆಯೇ ವಾಪಸ್ ಎಂದು ಮಾಡಿಕೊಂಡಿದ್ದೇವೆ. ದೊಡ್ಡ ಕಂಪನಿಗಳಲ್ಲಿ ಇಂಥ ಮಿತಿ ಹಾಕಲು ಬಿಡುತ್ತಾರೋ ಇಲ್ಲವೋ, ಅಲ್ಲಿರುವವರು ಬರೆಯಬೇಕು.

ಓದುವ ಗಂಟೆಗಳಿಗೆ ದುಡ್ಡು ಕೊಡುವವರು ಯಾರು ಎಂಬುದು ಇನ್ನೊಂದು ಪ್ರಶ್ನೆ. ಗ್ರಾಹಕರು ದುಡ್ಡು ಕೊಡುವುದು ಹೊಸ ಪರದೆಗೆ, ಹೊಸ ರಿಪೋರ್ಟ್‌ಗೆ. ಈಚೆಗೆ ನಮ್ಮ ಎಸ್ಟಿಮೇಟ್‌ನಲ್ಲಿ ‘ಪರಿಶೀಲನೆ’ ಎಂದು ಬೇರೆಯೇ ಸಾಲು ಹಾಕುತ್ತಿದ್ದೇವೆ. ಮೊನ್ನೆ ಒಂದು ಸಂಘದ ಅಧ್ಯಕ್ಷರು ಆ ಸಾಲಿನ ಮೇಲೆ ಬೆರಳಿಟ್ಟು ‘ಇದೇನಮ್ಮ, ಇದನ್ನ ತೆಗಿಬಹುದಾ?’ ಎಂದು ಕೇಳಿದರು. ಎಮ್ಮೆ ಹಾಲಿಗೆ 3.5 ತುಂಬಿದ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಅದು ಇರ್ಲಿ’ ಎಂದರು. ಆಮೇಲೆ ಪ್ರಿಂಟರ್ ರೋಲ್‌ನ ರೇಟಿಗೆ ಅರ್ಧ ಗಂಟೆ ಚೌಕಾಸಿ ಮಾಡಿದರು.